ಚಿಗರಿಯ ಬಲಗೆನ್ನೆ

ಅಫಜಲಪುರ
3 ನವೆಂಬರ್ 2024

ಪ್ರೀತಿಯ ವಿದ್ಯಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿಯ ನೂರೊಂದು ನಮಸ್ಕಾರಗಳು!

ನನಗೆ ಪತ್ರ ಬರೆದು ಅಭ್ಯಾಸವೇ ಇಲ್ಲ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆದದ್ದೇ ಕೊನೆ. ಆದರೆ ನೀವು ನನ್ನದೂ ನಮ್ಮವರದೂ ಎರಡೂ ನಂಬರ್ ಬ್ಲಾಕ್ ಮಾಡಿ ಕುಳಿತಿದ್ದೀರಿ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲ ಅಲ್ಲವೇ!

ಮೊದಲು ಸಿಹಿ ಸುದ್ದಿ. ಮದುವೆಯಾಗಿ ಆರು ತಿಂಗಳಾಯಿತು, ನನಗೆ ಇನ್ನೂ ಆರು ದಿನವಾದಂತಿದೆ! ನಿಮ್ಮ ತಮ್ಮ ಎಂಥ ಬಂಗಾರದ ಮನುಷ್ಯ ಅಕ್ಕಾ! ನಾನು ರೊಟ್ಟಿ ಬಡಿದರೆ ಅದು ನಕಾಶೆಯಂತೆ ಹರಿದಿರುತ್ತದೆ, ಅವರು ಅದನ್ನೇ ತಿಂದು "ಏನ್ ಮೆತ್ತಗ ಆಗ್ಯಾದ!" ಅನ್ನುತ್ತಾರೆ. ಫರ್ನಿಚರ್ ಅಂಗಡಿಯಿಂದ ಮಧ್ಯಾಹ್ನ ಒಮ್ಮೆ ಸುಮ್ಮನೆ ನನ್ನ ಮುಖ ನೋಡಲು ಬರುತ್ತಾರೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿದ ಮೇಲೆ ನಾನು ನೇರ ಪಡಸಾಲೆಗೆ, ನಮ್ಮ ಚಿಗರಿ ದೋಣಿಯ ಸೇವೆಗೆ ಹೋಗುತ್ತೇನೆ. ಅವರ ಪ್ರಾಣವೆಲ್ಲ ಆ ದೋಣಿಯಲ್ಲಿದೆ ಎಂದು ನನಗೆ ಗೊತ್ತಿಲ್ಲವೇ!

ಈಗ ಕಹಿ ಸುದ್ದಿ. ಮಾವನವರು ಕೈಯಾರೆ ಮಾಡಿದ ಆ ಮೊಳದುದ್ದದ ಸಾಗವಾನಿ ದೋಣಿಗೆ ನೀವು ಹೊಸ ಪಾಲಿಶ್ ಹಚ್ಚಿ ನಮ್ಮ ಮದುವೆಗೆ ಆಯೇರಿ ಕೊಟ್ಟಿರಿ. ನೋಡಿದವರೆಲ್ಲ ಕನ್ನಡಿ ಕನ್ನಡಿ ಎಂದರು. ಮಳೆಗಾಲ ಮುಗಿದ ಮೇಲೆ ಭೀಮೆಯ ಹಿನ್ನೀರಿನಲ್ಲಿ ಮೂರು ಸಲ ರಿಮೋಟ್ ಹಿಡಿದು ಓಡಿಸಿದೆವು, ಅಷ್ಟೇ. ಮೂತಿಯ ಹತ್ತಿರ ಪಾಲಿಶ್ ಮಂಕಾಗಿ, ಬೆಳ್ಳಗೆ ಹಾಲು ಚೆಲ್ಲಿದಂತಾಗಿದೆ. ಸಂಕ್ರಾಂತಿಯ ದಿನ ಅದೇ ನೀರಿನಲ್ಲಿ ಪಂದ್ಯ. ಸೊಲ್ಲಾಪುರದಿಂದಲೂ ಬರುತ್ತಾರೆ. ಬರಿ ಮರ ನೀರು ಕುಡಿದು ಬಿರುಕು ಬಿಟ್ಟರೆ ಏನು ಗತಿ?

ಇವರು ಅಂಗಡಿಯಲ್ಲಿ "ನಮ್ಮ ಅಕ್ಕನ ಪಾಲಿಶ್ ಆರು ತಿಂಗಳೂ ಬಾಳಲಿಲ್ಲ" ಎಂದದ್ದು ನಗೆಯ ಮಾತು. ಅದಕ್ಕೆ ನೀವು ಫೋನಿನಲ್ಲಿ ಅಷ್ಟು ಕೂಗಾಡಬಾರದಿತ್ತು. ನಾನು ನೆಟ್‌ನಲ್ಲಿ ಓದಿದೆ: ಹಳೇ ಸಾಮಾನು ಬಳಸಿದರೆ ಹೀಗಾಗುತ್ತದಂತೆ. ನೀವು ಬೇಕೆಂದು ಮಾಡಿರಲಿಕ್ಕಿಲ್ಲ. ಏನು ಹಚ್ಚಿದ್ದಿರಿ ಎಂದು ತಿಳಿಸಿದರೆ ಇಲ್ಲಿಯೇ ಯಾರಾದರೂ ಒಳ್ಳೆಯವರಿಂದ ಸರಿ ಮಾಡಿಸುತ್ತೇವೆ.

ತುಂಬಾ ತುಂಬಾ ಪ್ರೀತಿಯಿಂದ,
ಮಿಸೆಸ್ ಸೃಷ್ಟಿ ಶಾಂತಕುಮಾರ


ಆಳಂದ
11 ನವೆಂಬರ್ 2024

ಸೃಷ್ಟಿಗೆ,

ನಿನ್ನ ಪತ್ರ ಮುಟ್ಟಿತು. ಅದರಾಗಿನ ಸಕ್ರಿ ಸೋಸಿ ತಗದ್ರ ಉಳಿಯೋದು ಒಂದೇ ಮಾತು: ನನ್ನ ಕೆಲಸ ಕಳಪಿ.

ನಗಿ ಮಾತು ಅಂದ್ಯಲ್ಲ, ಆ ನಗಿ ಏನ್ ಮಾಡ್ಯಾದ ಕೇಳು. ಭೀಮಶಾ ಜೇವರ್ಗಿಯೊಳಗ ಮಂಗಲ ಕಾರ್ಯಾಲಯ ಕಟ್ಟಸಾಕತ್ತಾನ. ಅದರ ಇಪ್ಪತ್ತೆರಡು ಬಾಗಿಲಾ ನಾ ಪಾಲಿಶ್ ಮಾಡಬೇಕಿತ್ತು. ನಿನ್ನ ಗಂಡ ಆ ಮಾತು ಅಂದಾಗ ಎದುರಿಗೆ ಕುಂತು ಚಾ ಕುಡ್ಯಾಕತ್ತಿದ್ದಾಂವ ಅವನೇ. ಮರುದಿನ ನನಗ ಫೋನ್ ಮಾಡಿ "ಅಕ್ಕಾರ, ಬಾಗಿಲದ್ದು ಸದ್ಯ ತಡೀರಿ. ಸ್ವಂತ ತಮ್ಮನೇ ಹಿಂಗಂದ್ರ ನಾ ಏನ್ ತಿಳ್ಕೋಬೇಕ್ರಿ" ಅಂದ. ಈ ವರ್ಷದ ಕೊನಿಗೆ ಬ್ಯಾರೆಯವ್ರಿಗೆ ಕೊಡ್ತಾನ. ಅಷ್ಟೇ ಆದ್ರ ನಡೀತಿತ್ತು. ಮಾತು ಜೇವರ್ಗಿಯಿಂದ ಆಳಂದಕ್ಕ ಬರಾಕ ಎಷ್ಟೊತ್ತು ಬೇಕು? ಹದಿನಾಲ್ಕು ವರ್ಷ ಈ ಕೈ ಸ್ಪಿರಿಟಿನ್ಯಾಗ ತೊಯ್ದಾವ. ಹೆಂಗಸು ಪಾಲಿಶ್ ಹೊಡೀತಾಳಂತ ನಕ್ಕವ್ರೇ ಇವತ್ತು ತಮ್ಮ ಮನಿ ಬಾಗಿಲಾ ಹೊತ್ಕೊಂಡು ನನ್ನ ಹಂತ್ಯಾಕ ಬರ್ತಾರ. ಅದು ಹೋತಂದ್ರ ನನ್ನ ಹಂತ್ಯಾಕ ಏನೂ ಇಲ್ಲ.

ಏನು ಹಚ್ಚೀನಿ ಅಂತ ಕೇಳಿದಿ. ನೀರಾಗ ಮುಳುಗೋ ಭಾಗಕ್ಕ ವಾರ್ನಿಶ್. ನೀರಿನ ಗೆರಿ ಮ್ಯಾಲಿಂದಕ್ಕ ಚಪಡಾ, ಅಂದ್ರ ಅರಗು ಸ್ಪಿರಿಟಿನ್ಯಾಗ ಕರಗಿಸಿದ್ದು. ಅಪ್ಪನೂ ಹಿಂಗೇ ಮಾಡ್ತಿದ್ದ. ಇಪ್ಪತ್ತು ವರ್ಷ ಬಾಳಿತ್ತು.

ಈಗ ನಾ ಕೇಳ್ತೇನಿ, ನೀ ಹೇಳು. ಮಂಕಾಗಿದ್ದು ಎರಡೂ ಕಡೆನೋ, ಒಂದೇ ಕಡೆನೋ? ನೀರಿನ ಗೆರಿ ಮ್ಯಾಲೋ, ಕೆಳಗೋ? ಉಗುರಿಲೆ ಕೆರದ್ರ ಹಪ್ಪಳದಂಗ ಏಳ್ತದೋ, ಪುಡಿ ಆಗ್ತದೋ? ಒಂದು ಹನಿ ನೀರು ಬಿಡು. ಮುತ್ತಿನಂಗ ನಿಂದರ್ತದೋ, ಹಿಂಗ್ತದೋ? ನೋಡಿದ್ದಷ್ಟೇ ಬರಿ. ಕವಿತಾ ಬರೀಬ್ಯಾಡ.

ವಿದ್ಯಾವತಿ


ಅಫಜಲಪುರ
20 ನವೆಂಬರ್ 2024

ಪ್ರೀತಿಯ (ಈಗಲೂ!) ವಿದ್ಯಕ್ಕನವರಿಗೆ,

ನಿಮ್ಮ ಪತ್ರ ಓದಿ ಅಳು ಬಂತು. ನಮ್ಮ ತವರಿನಲ್ಲಿ ಯಾರೂ ನನ್ನ ಜೊತೆ ಹೀಗೆ ಮಾತನಾಡಿಲ್ಲ. ಇವರು ಕಣ್ಣೊರೆಸಿ "ಅಕ್ಕನ ಬಾಯಿಗೆ ಪಾಲಿಶ್ ಇಲ್ಲ, ಬಿಡು" ಎಂದರು. ನಗು ಬಂತು. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಪರೀಕ್ಷೆಗೆ ಉತ್ತರ. ಮಂಕಾದದ್ದು ಮೂತಿಯ ಬಲಗೆನ್ನೆ ಮಾತ್ರ. ಎಡಗೆನ್ನೆ ನೀವು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ನೀರಿನ ಗೆರೆಯ ಕೆಳಗೆ ಹೊಳೆಯುತ್ತಿದೆ, ಹೋಗಿರುವುದು ಮೇಲುಗಡೆ. ಹಪ್ಪಳದಂತೆ ಏಳುವುದಿಲ್ಲ. ಸ್ವಲ್ಪ ಅಂಟು, ಸ್ವಲ್ಪ ಪುಡಿ. ಬೇರೆ ಕಡೆ ನೀರಿನ ಹನಿ ಮುತ್ತಿನಂತೆ ನಿಂತಿತು, ಅಲ್ಲಿ ಮಾತ್ರ ಚಪ್ಪಟೆಯಾಗಿ ಹರಡಿ ಹಿಂಗಿತು. ಸಾಕೇ?

ನೀವು "ಹಾಗಾದರೆ ನೀರಿನದಲ್ಲ" ಎನ್ನುತ್ತೀರೆಂದು ನನಗೆ ಗೊತ್ತು. ನಾನೂ ವಿಜ್ಞಾನ ಓದಿದವಳೇ ಅಕ್ಕಾ! ಪಂದ್ಯದ ಅಭ್ಯಾಸದಲ್ಲಿ ನೀರಿನಲ್ಲಿ ನೆಟ್ಟ ಕಂಬಗಳನ್ನು ಯಾವಾಗಲೂ ಎಡಕ್ಕೇ ಸುತ್ತುತ್ತೇವೆ. ತೆರೆಯೆಲ್ಲ ಬಲಗೆನ್ನೆಗೇ ಬಡಿಯುತ್ತದೆ. ಕೆಳಗಿನ ವಾರ್ನಿಶ್ ತಡೆಯಿತು, ಮೇಲಿನ ನಿಮ್ಮ ಚಪಡಾ ತಡೆಯಲಿಲ್ಲ. ಇಷ್ಟು ಸರಳ.

ನಿಮ್ಮ ಬಾಗಿಲುಗಳ ವಿಷಯ ಕೇಳಿ ಬೇಜಾರಾಯಿತು. ಆದರೆ ಮಾವನವರು ಕೈ ಹಿಡಿದು ಕೆಲಸ ಕಲಿಸಿದ್ದು ಮಗನಿಗೆ ಎಂದು ಊರೆಲ್ಲ ಹೇಳುತ್ತದೆ. ಅಂಥವರು ಪಾಲಿಶ್ ಸರಿಯಿಲ್ಲ ಎಂದರೆ ಭೀಮಶಾ ಅಣ್ಣ ನಂಬದೇ ಇರುತ್ತಾರೆಯೇ?

ಪ್ರೀತಿಯಿಂದ,
ಸೃಷ್ಟಿ ಶಾಂತಕುಮಾರ


ಆಳಂದ
2 ಡಿಸೆಂಬರ್ 2024

ಸೃಷ್ಟಿಗೆ,

ತೆರಿ ಬಡದು ಹೋಗಿದ್ರ ಮೊದಲು ಮೂತಿ ತುದಿ ಹೋಗಬೇಕು. ಆಮ್ಯಾಲ ನೀರಿನ ಗೆರಿ ಗುಂಟ ಹೋಗಬೇಕು. ತುದಿ ಬಿಟ್ಟು, ಗೆರಿ ಬಿಟ್ಟು, ಒಂದು ಕೆನ್ನಿ ಅಷ್ಟೇ ನೆಕ್ಕಿ ಹೋಗೋ ತೆರಿ ಭೀಮಾ ನದ್ಯಾಗ ಇಲ್ಲ ಬೇ. ಅಂಥಾ ತೆರಿ ನಿಮ್ಮ ವಿಜ್ಞಾನದ ಪುಸ್ತಕದಾಗ ಇದ್ರ ಇರಬಹುದು.

ಅಪ್ಪ ಯಾರ ಕೈ ಹಿಡದು ಕಲಿಸಿದ್ನೋ ಊರಿಗೆ ಏನ್ ಗೊತ್ತು? ಇಬ್ರಿಗೂ ಕಲಿಸ್ಯಾನ. ಹಳೇ ಕುರ್ಚಿ ದುರಸ್ತಿಗೆ ಬಂದ್ರ ನಮ್ಮಿಬ್ರನ್ನ ಮುಂದ ಕುಂಡ್ರಿಸಿ ಕೇಳ್ತಿದ್ದ: "ಇದರ ಮ್ಯಾಲ ಕುಂಡ್ರಾಂವ ಹ್ಯಾಂಗದಾನ ಹೇಳ್ರಿ." ಕೈಮ್ಯಾಲಿನ ಪಾಲಿಶ್ ಎಲ್ಲಿ ಸವದಾದ ಅಂತ ನೋಡಿ, ಎಡಗೈಯಂವ, ಉಂಗುರ ಹಾಕ್ಕೊಂಡಾನ, ಏಳಾಗ ಮೊಣಕಾಲು ನೋಯ್ತದ, ಅಷ್ಟೂ ಹೇಳಬೇಕಿತ್ತು. ಶಾಂತ್ಯಾ ನನಕಿಂತ ಮೊದಲು ಹೇಳ್ತಿದ್ದ. ಅದಕ್ಕೇ ನನಗ ಸಿಟ್ಟು. ಆ ಕಣ್ಣಿನಂವ ನಿನ್ನ ಪಡಸಾಲ್ಯಾಗ ದಿನಾ ಆ ದೋಣಿ ನೋಡ್ತಾನ. ಅವನಿಗೆ ಗುರುತು ಹತ್ತಿಲ್ಲಂದ್ರ ಅಪ್ಪನ ಹಂತ್ಯಾಕ ಕಲ್ತದ್ದು ಮರತಾನ. ಹತ್ತ್ಯಾದ ಅಂದ್ರ... ಅದು ಈಗ ಬ್ಯಾಡ.

ಒಂದು ಕೆಲಸ ಮಾಡು. ಮೂರು ದಿನ ಆ ಕೆನ್ನಿ ಯಾರೂ ಮುಟ್ಟಬ್ಯಾಡ್ರಿ, ಒರಸಬ್ಯಾಡ್ರಿ. ಆಮ್ಯಾಲ ತೆಳ್ಳನ ಹಾಳಿ ಅದರ ಮ್ಯಾಲ ಇಟ್ಟು, ಪೆನ್ಸಿಲ್ ಅಡ್ಡ ಹಿಡದು ಹಗೂರಕ ತಿಕ್ಕು. ಪಾಲಿಶ್ ಇದ್ದಲ್ಲಿ ಹಾಳಿ ತಿಳಿ ಉಳೀತದ, ಹೋದಲ್ಲಿ ಮರದ ಎಳಿ ಕಪ್ಪಗ ಮೂಡ್ತದ. ಆ ಹಾಳಿ ಕಳಿಸು. ದಿನಾ ದೋಣಿಗೆ ಏನೇನು ಸೇವಾ ಮಾಡ್ತಿ, ಅದನ್ನೂ ಬರಿ.

ವಿದ್ಯಾವತಿ


ಅಫಜಲಪುರ
9 ಡಿಸೆಂಬರ್ 2024

ವಿದ್ಯಕ್ಕನವರಿಗೆ,

ಹಾಳೆ ಇದರೊಳಗಿದೆ. ನೀವು ಹೇಳಿದಂತೆಯೇ ಮೂಡಿತು, ಮಜಾ ಬಂತು! ಕಪ್ಪಗೆ ಅಡ್ಡಡ್ಡ ಪಟ್ಟಿಗಳು, ಒಂದರ ಕೆಳಗೊಂದು. ಅದು ತೆರೆಯ ಗುರುತೇ ಎಂದು ನನಗೆ ನೂರಕ್ಕೆ ನೂರು ಖಾತ್ರಿ. ತೆರೆಗಳು ಹೀಗೇ ಸಾಲುಸಾಲಾಗಿ ಬರುತ್ತವೆ.

ಸೇವೆ ಏನೆಂದು ಕೇಳಿದ್ದೀರಿ. ನಾನು ದೋಣಿಯನ್ನು ಹಾಳು ಮಾಡುತ್ತಿದ್ದೇನೆ ಎಂದು ತಾನೇ ನಿಮ್ಮ ಅನುಮಾನ? ಕೇಳಿ, ಹೆಮ್ಮೆಯಿಂದ ಹೇಳುತ್ತೇನೆ. ಚಿಗರಿ ಹಲಗೆಯ ಮೇಲೆ ಎಡಗೆನ್ನೆ ಗೋಡೆಗೆ, ಬಲಗೆನ್ನೆ ನಮ್ಮ ಕಡೆಗೆ ಮಾಡಿ ನಿಂತಿರುತ್ತದೆ. ಪೂಜೆಯಾದ ಮೇಲೆ ಒದ್ದೆ ಬಟ್ಟೆಯಿಂದ ನಿನ್ನೆಯದನ್ನು ಒರೆಸಿ, ಅಂಗೈಯಲ್ಲಿ ನೀರು ಹಾಕಿ ವಿಭೂತಿ ಗಟ್ಟಿ ತೇದು ಅದಕ್ಕೂ ಹಚ್ಚುತ್ತೇನೆ. ತವರಿನಲ್ಲಿ ನಮ್ಮಪ್ಪ ಕಾರಿಗೆ ವಿಭೂತಿ ಹಚ್ಚದೆ ಕೀಲಿ ತಿರುಗಿಸುವುದಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ಪಾಲಿಶ್ ಮಂಕಾಗತೊಡಗಿದ ಮೇಲಂತೂ ಇನ್ನಷ್ಟು ದಪ್ಪಗೆ ಹಚ್ಚುತ್ತಿದ್ದೇನೆ, ಕೆಟ್ಟ ದೃಷ್ಟಿ ತಾಗದಿರಲಿ ಎಂದು. ಯಾರ ದೃಷ್ಟಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಮಾತು ಕೇಳಿ ಮೂರು ದಿನ ಬಿಟ್ಟಿದ್ದೆ. ಅದರ ಬೋಳು ಮುಖ ನೋಡಲಾಗಲಿಲ್ಲ.

ಇದಕ್ಕಿಂತ ಚೆನ್ನಾಗಿ ನಿಮ್ಮ ಮನೆಯಲ್ಲಿ ಯಾರಾದರೂ ಅದನ್ನು ನೋಡಿಕೊಂಡಿದ್ದರೆ ತಿಳಿಸಿ.

ಸೃಷ್ಟಿ ಶಾಂತಕುಮಾರ


ಆಳಂದ
16 ಡಿಸೆಂಬರ್ 2024

ಸೃಷ್ಟಿಗೆ,

ನಿನ್ನ ಹಾಳಿ ಹೊಳ್ಳಿ ಕಳಿಸೀನಿ. ಮ್ಯಾಜಿನ ಮ್ಯಾಲ ಇಟ್ಟು, ನಿನ್ನ ಬಲಗೈಯ ನಡುವಿನ ಮೂರು ಬೆರಳು ಜೋಡಿಸಿ ಆ ಪಟ್ಟಿ ಮ್ಯಾಲ ಇಡು. ನಾ ನಂದು ಇಟ್ಟು ನೋಡಿದೆ. ನನ್ನ ಬೆರಳು ದಪ್ಪ, ಕೂಡಲಿಲ್ಲ. ನಿಂದು ಕೂಡ್ತಾವ.

ಕಟ್ಟಿಗಿ ಒಲಿ ಇದ್ದಾಗ ನಿಮ್ಮಜ್ಜಿ ಜಿಡ್ಡಿನ ಭಾಂಡೆ ಯಾತರಿಂದ ತಿಕ್ಕತಿದ್ಲು? ಬೂದಿಯಿಂದ. ಯಾಕ? ಒದ್ದಿ ಬೂದಿ ಜಿಡ್ಡು ತಿಂತದ. ಚಪಡಾನೂ ತಿಂತದ. ವಿಭೂತಿ ಅಂದ್ರ ಬೂದಿ. ನಿಮ್ಮಪ್ಪನ ಕಾರು ತಗಡಿಂದು, ಅದಕ್ಕ ಏನೂ ಆಗಂಗಿಲ್ಲ. ಇದು ಅರಗು. ದಿನಾ ಒದ್ದಿ ಬೂದಿ ಹಚ್ಚಿ, ದಿನಾ ತಿಕ್ಕಿ ಒರಸಿ, ಆರು ತಿಂಗಳು ನೀ ಅದರ ಚರ್ಮ ಸುಲದಿ. ಕೆಟ್ಟದ್ದು ಕಂಡು ಇನ್ನೂ ದಪ್ಪ ಹಚ್ಚಿದಿ. ಅಪ್ಪನೂ ವಿಭೂತಿ ಬಿಟ್ಟಾಂವ ಅಲ್ಲ. ಆದ್ರ ಹಚ್ಚೋದು ತನ್ನ ಹಣಿಗೆ, ಕೆಲಸ ಮಾಡಿದ ಮರಕ್ಕ ಅಲ್ಲ.

ನೀ ಬೇಕಂತ ಮಾಡಿಲ್ಲ. ನಾನೂ ಬೇಕಂತ ಕಳಪಿ ಕೆಲಸ ಮಾಡಿದ್ದಿಲ್ಲ. ಆದ್ರ ನನ್ನ ಹೆಸರು ನಾಕು ಮಂದ್ಯಾಗ ಹೋಗ್ಯಾದ, ನಿಂದು ಹೋಗಿಲ್ಲ. ಭೀಮಶಾಗ ನಿನ್ನ ಕೈಯಾರೆ ಬರಿ. ಈ ತಿಂಗಳ ಕೊನಿಗೆ ಅಂವ ಬಾಗಿಲಾ ಸೊಲ್ಲಾಪುರದವ್ರಿಗೆ ಕೊಡ್ತಾನ. ನನಗ ಮಾಫಿ ಕೇಳಬ್ಯಾಡ. ನಿನ್ನ ಮಾಫಿ ಬಾಗಿಲಕ್ಕ ಬಳ್ಯಾಕ ಬರಂಗಿಲ್ಲ.

ವಿದ್ಯಾವತಿ


ಅಫಜಲಪುರ
28 ಡಿಸೆಂಬರ್ 2024

ವಿದ್ಯಕ್ಕನವರಿಗೆ,

ನಿಮ್ಮ ಪತ್ರ ಬಂದು ಒಂಬತ್ತು ದಿನವಾಯಿತು. ಬೆರಳಿಟ್ಟು ನೋಡಿದೆ. ಕೂಡಿದವು. ಆದರೂ ಒಪ್ಪಲಿಲ್ಲ. ನೀವು ಸುಳ್ಳು ಎಂದು ತೋರಿಸಬೇಕೆಂದು ಚಿಗರಿಯನ್ನು ತಿರುಗಿಸಿ, ಚೆನ್ನಾಗಿದ್ದ ಎಡಗೆನ್ನೆಗೆ ಎಂಟು ದಿನ ಹಚ್ಚಿದೆ, ಒರೆಸಿದೆ. ಮೂರು ಬೆರಳಿನ ಮೂರು ಪಟ್ಟಿ ಮಂಕಾಗಿವೆ. ದೋಣಿ ನೀರಿನ ಹತ್ತಿರವೂ ಹೋಗಿರಲಿಲ್ಲ. ನೀವು ಹೇಳಿದ್ದು ನಿಜ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಇದನ್ನು ಇನ್ನೂ ಮೆತ್ತಗೆ ಹೇಳಬಹುದಿತ್ತು.

ನಿನ್ನೆ ಇವರ ಮುಂದೆ ಎರಡೂ ಕೆನ್ನೆ ತೋರಿಸಿ ಎಲ್ಲ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ. ಟೀ ಕುಡಿಯುತ್ತಲೇ ಇದ್ದರು. "ನಿಮಗೆ ಗೊತ್ತಿತ್ತಾ?" ಎಂದೆ.

"ದಸರಾದಾಗ ನೋಡಿದ್ದೆ" ಎಂದರು. "ಮೂರು ಬೆರಳ ಗುರ್ತು ನನಗ ಹತ್ತಂಗಿಲ್ಲೇನು?"

"ಮತ್ತೆ ನನಗೇಕೆ ಹೇಳಲಿಲ್ಲ?"

"ಹೊಸದಾಗಿ ಬಂದಿದ್ದಿ. ಅಷ್ಟು ಖುಷಿಲೆ ಹಚ್ಚತಿದ್ದಿ. ಹ್ಯಾಂಗ ಹೇಳ್ಲಿ? ಭೀಮಶಾ ಅವತ್ತು ದೋಣಿಗೇನಾಗ್ಯಾದ ಅಂತ ಕೇಳಿದ. ನಿನ್ನ ಹೆಸರು ಹೇಳಲಾ? ಬಾಯಿಗೆ ಅಕ್ಕನ ಹೆಸರು ಬಂತು. ಅಕ್ಕ ಗಟ್ಟಿ ಹೆಣ್ಣು, ತಡಕೊಂತಾಳ."

ಭೀಮಶಾ ಅಣ್ಣನಿಗೆ ಬರೆಯುತ್ತೇನೆ ಎಂದೆ. "ಬರೀಬ್ಯಾಡ. ಮನಿ ಮಾತು ಮನ್ಯಾಗ ಇರ್ಲಿ. ನಾ ಅಂದ ಮಾತು ಹೊಳ್ಳಿ ತಗೊಂಡ್ರ ಅಂಗಡ್ಯಾಗ ನನ್ನ ಮಾತಿಗೇನು ಕಿಮ್ಮತ್ತು?" ಎಂದರು. ಆಮೇಲೆ ನನ್ನ ರೊಟ್ಟಿಯನ್ನು ಹೊಗಳಿದರು. ಅದು ಹರಿದಿತ್ತು, ಸೀದಿತ್ತು. ಮದುವೆಯಾದಾಗಿನಿಂದ ಅವರು ಹೊಗಳಿದ ಒಂದೊಂದನ್ನೂ ಈಗ ತೆಗೆದು ನೋಡುತ್ತಿದ್ದೇನೆ.

ನೀವು ಡಿಸೆಂಬರ್ ಎರಡರ ಪತ್ರದಲ್ಲಿ ಅರ್ಧಕ್ಕೆ ಬಿಟ್ಟ ಮಾತು ಇದೇ ಅಲ್ಲವೇ? ಆಗಲೇ ಪೂರ್ತಿ ಬರೆಯಬೇಕಿತ್ತು. ಬರೆದಿದ್ದರೆ ನಾನು ನಂಬುತ್ತಿರಲಿಲ್ಲ, ಅದು ಬೇರೆ.

ಸೃಷ್ಟಿ


ಅಫಜಲಪುರ
28 ಡಿಸೆಂಬರ್ 2024

ಜೇವರ್ಗಿಯ ಭೀಮಶಾ ಅಣ್ಣನವರಿಗೆ ನಮಸ್ಕಾರ.

ನಾನು ಅಫಜಲಪುರದ ಶಾಂತಕುಮಾರರ ಹೆಂಡತಿ. ನಮ್ಮ ಮನೆಯ ದೋಣಿಯ ಪಾಲಿಶ್ ಹಾಳಾದದ್ದು ವಿದ್ಯಾವತಿಯವರ ಕೆಲಸದಿಂದ ಅಲ್ಲ. ನಾನು ಆರು ತಿಂಗಳು ದಿನಾಲೂ ಅದಕ್ಕೆ ಒದ್ದೆ ವಿಭೂತಿ ಹಚ್ಚಿ ಒರೆಸಿದ್ದರಿಂದ ಹಾಳಾಯಿತು. ಇನ್ನೊಂದು ಕಡೆಗೂ ಹಚ್ಚಿ ನೋಡಿದೆ; ಎಂಟು ದಿನಕ್ಕೆ ಹಾಗೆಯೇ ಆಯಿತು. ನಾನು ಮುಟ್ಟದ ಕಡೆಯೆಲ್ಲ, ನೀರಿನಲ್ಲಿ ಮುಳುಗುವ ಕಡೆಯೂ, ಅವರ ಪಾಲಿಶ್ ಇಂದಿಗೂ ಹೊಳೆಯುತ್ತಿದೆ. ಬೇಕಾದರೆ ಬಂದು ನೋಡಿ.

ನಮ್ಮವರು ನಿಮ್ಮ ಮುಂದೆ ಅಂದ ಮಾತು ಸರಿಯಲ್ಲ. ಅದು ಅವರಿಗೂ ಗೊತ್ತು.

ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸಿ.

ಸೃಷ್ಟಿ


ಆಳಂದ
6 ಜನವರಿ 2025

ಸೃಷ್ಟಿಗೆ,

ಭೀಮಶಾ ನಿನ್ನ ಪತ್ರ ಹಿಡ್ಕೊಂಡು ಇಲ್ಲಿ ತನಕ ಬಂದಿದ್ದ. ಅಂಗಡಿ ಮುಂದ ನಿಂತು ಜೋರಲೆ ಓದಿದ. ಆಜೂಬಾಜೂದವ್ರು ಕೇಳಿದ್ರು. ಲಾಡ್ಲೆಸಾಬ, ಮುಂದಿನ ಅಂಗಡ್ಯಾಂವ, "ಬಾಯಿ, ಇಷ್ಟು ಸಾಫ್ ಬರ್ದಾಕಿ ಯಾರು?" ಅಂದ. ನಮ್ಮ ತಮ್ಮನ ಹೆಂಡ್ತಿ ಅಂದೆ. ನಿನ್ನಿಗೆ ಬಾಗಿಲದ ಕೆಲಸ ಚಾಲೂ ಆತು.

ನಿನ್ನ ನಂಬರ ಬ್ಲಾಕಿನಿಂದ ತಗದೀನಿ. ಅವಂದು ಇಲ್ಲ. ಹಂಗಂತ ದಿನಾ ಫೋನ್ ಮಾಡಿ ತಲಿ ತಿನಬ್ಯಾಡ.

ದೋಣಿ ಸಂಕ್ರಾಂತಿಗೆ ನೀರಿಗೆ ಇಳಸಬ್ಯಾಡ. ಬರಿ ಮರ ನೀರು ಕುಡೀತದ. ನಾ ಪಾಲಿಶ್ ಮಾಡ್ತೇನಿ. ಆದ್ರ ಅದನ್ನ ಶಾಂತ್ಯಾನೇ ತರಬೇಕು. ಡಬ್ಬಿಯೊಳಗಲ್ಲ. ಅಫಜಲಪುರದಿಂದ ಆಳಂದದ ತನಕ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ತರಬೇಕು. ಇದಕ್ಕೇನಾಗ್ಯಾದ ಅಂತ ಯಾರು ಕೇಳಿದ್ರೂ ಬಾಯಿಬಿಟ್ಟು ಹೇಳಬೇಕು. ನಾ ಗಟ್ಟಿ ಹೆಣ್ಣು ಅಂದನಲ್ಲ, ಗಟ್ಟಿ ಹೆಣ್ಣಿನ ಮಾತು ಇದು.

ವಿದ್ಯಾವತಿ


ಅಫಜಲಪುರ
16 ಜನವರಿ 2025

ವಿದ್ಯಕ್ಕಾ,

ಫೋನ್ ಮಾಡುವುದಿಲ್ಲ. ಬರೆಯುವುದು ಒಳ್ಳೆಯದು, ಬರೆದಾಗ ಹೆಚ್ಚು ಮಾತು ಬರುವುದಿಲ್ಲ.

ಪಂದ್ಯಕ್ಕೆ ನಾವು ಹೋಗಲಿಲ್ಲ. ಸಂಕ್ರಾಂತಿಯ ದಿನ ಇವರು ಮನೆಯಲ್ಲೇ ಕೂತು ಸಜ್ಜೆ ರೊಟ್ಟಿ ತಿಂದರು. ಮೆತ್ತಗಾಗಿದೆ ಎಂದರು. "ಗಟ್ಟಿಯಾಗಿದೆ, ನಿಜ ಹೇಳಿ" ಎಂದೆ. ಇನ್ನೊಂದು ತುತ್ತು ಅಗಿದು "ಗಟ್ಟಿ ಆಗ್ಯಾದ" ಎಂದರು. ಮದುವೆಯಾದ ಮೇಲೆ ನಮ್ಮಿಬ್ಬರ ಮೊದಲ ಜಗಳ ಅದೇ. ಇನ್ನೂ ಮುಗಿದಿಲ್ಲ.

ಬಸ್ಸಿನ ಮಾತು ಹೇಳಿದೆ. ಆಗುವುದಿಲ್ಲ ಎಂದರು. ನಾನೇ ತರಬಹುದು. ಆದರೆ ನೀವು ಕೇಳಿದ್ದು ನನ್ನನ್ನಲ್ಲ.

ಚಿಗರಿಯನ್ನು ಹಲಗೆಯಿಂದ ಇಳಿಸಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೇನೆ, ಬಲಗೆನ್ನೆ ಬೀದಿಯ ಕಡೆಗೆ. ವಿಭೂತಿ ನನ್ನ ಹಣೆಗೆ ಮಾತ್ರ. ಅಂಗಡಿಗೆ ಹೋಗುವಾಗ, ಬರುವಾಗ ಅವರು ಅದನ್ನು ದಾಟಿಯೇ ಹೋಗಬೇಕು. ಏನಾಯಿತೆಂದು ಕೇಳಿದವರಿಗೆ "ಅವರನ್ನೇ ಕೇಳಿ" ಅನ್ನುತ್ತೇನೆ.

ಇವತ್ತು ಬೆಳಿಗ್ಗೆ ಅವರು ಹೋಗುತ್ತ ಅದರ ಮೇಲೆ ಒಂದು ಟವೆಲ್ ಹಾಕಿದರು. ನಾನು ತೆಗೆದೆ. ಮಧ್ಯಾಹ್ನ ಬಂದಾಗ ಮತ್ತೆ ಹಾಕಿದರು. ಮತ್ತೆ ತೆಗೆದೆ. ಸಂಜೆ ಬಂದವರು ಟವೆಲ್ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಮೇಲೆ ಅದನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಆಳಂದದ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.

ನಾನು ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಲಿ. ಕೇಳುವುದು ಅಲ್ಲಿಂದಲೇ ಶುರುವಾಗಲಿ.

ಸೃಷ್ಟಿ